ಈ ಮಕ್ಕಳಿಗೆ ಗುರು ಹುಡುಕುವವರು ಯಾರು?

ನಿಮ್ಮ ಸಿಟ್ಟು ನ್ಯಾಯದ ಸಿಟ್ಟು. ಅದನ್ನು ಆರಿಸಲು ನಾನು ಬಂದಿಲ್ಲ. 2024ರ ಜೂನ್ 11ರ ರಾತ್ರಿ ದೋಹಾದಲ್ಲಿ, ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಗೋಲು ಹೊಡೆದಾಗ, ರೆಫರಿ ಅದನ್ನು ಗೋಲೆಂದೇ ಒಪ್ಪಿದಾಗ, ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಸುತ್ತಿನಿಂದ ಭಾರತ ಹೊರಬಿದ್ದಾಗ, ಕೊಪ್ಪಳದ ಬಾಡಿಗೆ ಕೋಣೆಯಲ್ಲಿ, ಗಂಗಾವತಿಯ ಹಾಸ್ಟೆಲಿನಲ್ಲಿ, ಕುಷ್ಟಗಿಯ ಮಾಳಿಗೆಯ ಮೇಲೆ ಮೊಬೈಲ್ ಹಿಡಿದು ಕೂತಿದ್ದ ನಿಮಗೆ ನಿದ್ದೆ ಹತ್ತಲಿಲ್ಲ. ವಾರ ತುಂಬುವ ಮೊದಲೇ ಕ್ರೊಯೇಷಿಯಾದ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ತೆಗೆದರು. ಜುಲೈನಲ್ಲಿ ಸ್ಪೇನಿನ ಮಾನೊಲೊ ಮಾರ್ಕೆಜ್ ಬಂದರು. ಬಂದವರು ಎಫ್‌ಸಿ ಗೋವಾದ ಕೆಲಸವನ್ನೂ ಇಟ್ಟುಕೊಂಡೇ ಬಂದರು. ದೇಶದ ತಂಡ ಅರೆಕಾಲಿಕ ನೌಕರಿಯಾಯಿತು. ಎಂಟು ಪಂದ್ಯ, ಒಂದೇ ಗೆಲುವು. ನಿವೃತ್ತರಾಗಿದ್ದ ಸುನಿಲ್ ಛೆಟ್ರಿಯನ್ನು ನಲವತ್ತರ ವಯಸ್ಸಿನಲ್ಲಿ ಮತ್ತೆ ಕರೆತಂದರು. 2025ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಎದುರು ಸೋತ ಮೇಲೆ ಮಾರ್ಕೆಜ್ ಕೂಡ ಹೊರಟರು.

ಮತ್ತೆ ಹುಡುಕಾಟ. 170 ಅರ್ಜಿಗಳು. ಅವುಗಳಲ್ಲಿ ಬಾರ್ಸಿಲೋನಾದ ಚಾವಿಯದೂ ಒಂದು ಎಂಬ ಸುದ್ದಿ ಬಂತು, ಅರ್ಧ ದಿನ ನೀವು ನಂಬಿಯೂ ಬಿಟ್ಟಿರಿ, ಆಮೇಲೆ ಆ ಇಮೇಲ್ ನಕಲಿ ಎಂದು ಗೊತ್ತಾಗಿ ನಕ್ಕಿರಿ. ಆ ನಗುವಿನ ಒಳಗೆ ಏನಿತ್ತೆಂದು ನನಗೆ ಗೊತ್ತು. ಆಗಸ್ಟ್ 1ರಂದು ಖಾಲಿದ್ ಜಮೀಲ್ ಹೆಸರು ಹೊರಬಿತ್ತು. ಹದಿಮೂರು ವರ್ಷಗಳ ಮೇಲೆ ನಮ್ಮವರೇ ಒಬ್ಬರು. ಒಮಾನ್ ತಂಡವನ್ನು ಮಣಿಸಿದಾಗ ಆಸೆ ಚಿಗುರಿತು. ಅಕ್ಟೋಬರ್ 14ರಂದು ಮಡಗಾಂವಿನಲ್ಲಿ, ನಮ್ಮದೇ ನೆಲದಲ್ಲಿ, ಸಿಂಗಪುರ 2–1ರಿಂದ ಗೆದ್ದಾಗ ಏಷ್ಯಾ ಕಪ್ಪಿನ ಬಾಗಿಲೂ ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಬಾಂಗ್ಲಾದೇಶದ ಎದುರೂ ಸೋತೆವು.

ಕ್ರೊಯೇಷಿಯಾದವರು ಬಂದರು, ಸ್ಪೇನಿನವರು ಬಂದರು, ನಮ್ಮವರೂ ಬಂದರು. ಸೋಲು ಮಾತ್ರ ಬದಲಾಗಲಿಲ್ಲ. ಯಾಕೆಂದು ನಿಮಗೆ ಗೊತ್ತಿಲ್ಲದ್ದೇನಲ್ಲ. ಬಿತ್ತದ ಹೊಲದಲ್ಲಿ ರಾಶಿ ಮಾಡುವವನನ್ನು ಬದಲಿಸಿದರೆ ಕಾಳು ಎಲ್ಲಿಂದ ಬರಬೇಕು?

ಒಬ್ಬ ಮಾಸ್ತರರ ಕತೆ ಹೇಳುತ್ತೇನೆ, ಅದು ನಿಮ್ಮ ಊರಿನ ಕತೆಯೂ ಹೌದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಹೈದರಾಬಾದ್ ರಾಜ್ಯದಲ್ಲಿದ್ದ ದಿನಗಳಲ್ಲಿ, ಅದೇ ರಾಜ್ಯದ ರಾಜಧಾನಿಯ ಶಾಲೆಗಳಲ್ಲಿ ಸಯ್ಯದ್ ಅಬ್ದುಲ್ ರಹೀಮ್ ಎಂಬವರು ಪಾಠ ಹೇಳುತ್ತಿದ್ದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳ ಆಟೋಟ ನೋಡಿಕೊಳ್ಳುತ್ತಿದ್ದವರು, ನಮ್ಮ ಮಾತಿನಲ್ಲಿ ಹೇಳುವುದಾದರೆ ಡ್ರಿಲ್ ಮಾಸ್ತರರು. ಅವರೇ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದರು, 1950ರಿಂದ ದೇಶದ ತಂಡವನ್ನೂ ಕಟ್ಟಿದರು. 1951ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ. 1956ರ ನವೆಂಬರ್ 1ರಂದು ನಮ್ಮ ನಾಲ್ಕು ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ತಿಂಗಳು ತುಂಬಿದ ದಿನ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ಹುಡುಗರು ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ಸೇರಿದರು. 1962ರ ಸೆಪ್ಟೆಂಬರ್‌ನಲ್ಲಿ ಜಕಾರ್ತಾದಲ್ಲಿ, ಕ್ಯಾನ್ಸರ್ ಮೈಯನ್ನು ತಿನ್ನುತ್ತಿದ್ದಾಗಲೂ ಮೈದಾನದ ಅಂಚಿನಲ್ಲಿ ನಿಂತು, ದಕ್ಷಿಣ ಕೊರಿಯಾವನ್ನು ಸೋಲಿಸಿ ಮತ್ತೊಂದು ಚಿನ್ನ ತಂದರು. ಒಂಬತ್ತು ತಿಂಗಳಲ್ಲಿ ಹೋಗಿಬಿಟ್ಟರು. ಅದೂ ಜೂನ್ 11ರಂದೇ, 1963ರಲ್ಲಿ. ಅದಾದ ಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಈ ದೇಶಕ್ಕೆ ಬಂದಿಲ್ಲ.

ಈಗ ಹೇಳಿ, ಅಂಥ ಮಾಸ್ತರರು ನಮ್ಮ ಶಾಲೆಗಳಲ್ಲಿ ಎಲ್ಲಿದ್ದಾರೆ? ಎಷ್ಟೋ ಕಡೆ ಆ ಹುದ್ದೆಯೇ ಖಾಲಿ. ಹುದ್ದೆ ತುಂಬಿದ ಕಡೆ ಅವರ ಕೈಯಲ್ಲಿ ಸೀಟಿ ಇರುವ ಹೊತ್ತಿಗಿಂತ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಸಮೀಕ್ಷೆಯ ಹಾಳೆ ಇರುವ ಹೊತ್ತೇ ಹೆಚ್ಚು. ಎಸ್ಸೆಸ್ಸೆಲ್ಸಿ ಫಲಿತಾಂಶ ಏರಬೇಕು ಎಂದ ಕೂಡಲೇ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್‌ಗೆ. ಗಣಿತದವರು ಕೇಳುತ್ತಾರೆ, ವಿಜ್ಞಾನದವರು ಕೇಳುತ್ತಾರೆ, ಹೆಡ್‌ಮಾಸ್ತರರು ತಲೆಯಾಡಿಸುತ್ತಾರೆ. ಮನೆಗೆ ಬಂದ ಮಗು ಹೇಳಿದಾಗ ನೀವೂ ತಲೆಯಾಡಿಸುತ್ತೀರಿ. ವಾರಕ್ಕೆರಡು ತಾಸು ಬಿಸಿಲಲ್ಲಿ ಓಡದಿದ್ದರೆ ಏನಾಯಿತು ಎನ್ನುತ್ತೀರಿ. ಏನಾಯಿತೆಂದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಯಲಬುರ್ಗಾ ಸೀಮೆಯ ಎರೆಹೊಲದ ನಡುವಿನ ಒಂದು ಸರಕಾರಿ ಶಾಲೆಯನ್ನು ನೆನೆಯಿರಿ. ಯಾವ ಹಳ್ಳಿ ಎಂದು ಹೆಸರಿಸುವ ಅಗತ್ಯವಿಲ್ಲ, ನೀವು ಓದಿದ ಶಾಲೆಯೇ ಅದಿರಬಹುದು. ಅಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಕೊಡ ಹೊತ್ತು ನಡೆದು ಗಟ್ಟಿಯಾದ ಕಾಲು, ಖೊಖೊ ಆಡುವಾಗ ಎದುರಿನವಳ ಭುಜ ಯಾವ ಕಡೆ ವಾಲುತ್ತದೆಂದು ಮೊದಲೇ ಕಾಣುವ ಕಣ್ಣು. ಅವಳ ಕಾಲಿಗೆ ಯಾರೂ ಚೆಂಡು ಕೊಟ್ಟಿಲ್ಲ. ಕೊಡದೇ ಇರುವುದನ್ನು ಅವಳು ಕೇಳುವುದೂ ಇಲ್ಲ. ಸೋತ ತಂಡಕ್ಕೆ ಬಯ್ಯಲು ನೀವಿದ್ದೀರಿ, ಹೋದ ಕೋಚ್‌ಗೆ ಪರಿಹಾರ ಕೇಳಲು ವಕೀಲರಿದ್ದಾರೆ, ಫೆಡರೇಶನ್ನಿಗೆ ನ್ಯಾಯಾಲಯವಿದೆ. ತಾನು ಏನು ಕಳೆದುಕೊಂಡೆನೆಂದೇ ತಿಳಿಯದ ಈ ಮಗುವಿಗೆ ಯಾರಿದ್ದಾರೆ? ದೆಹಲಿಯ ಒಂದು ಕುರ್ಚಿಗೆ 170 ಜನ ಅರ್ಜಿ ಹಾಕಿದರು. ಇವಳಿಗೆ ಗುರುವನ್ನು ಹುಡುಕುವವರು ಯಾರು?

ಚಾವಿಯ ಇಮೇಲಿಗೆ ದೇಶ ನಕ್ಕ ಅದೇ 2025ರ ಜುಲೈ ತಿಂಗಳ 5ರಂದು, ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದು, ಭಾರತದ ಹೆಣ್ಣುಮಕ್ಕಳ ತಂಡವನ್ನು ಏಷ್ಯಾ ಕಪ್ಪಿಗೆ ಕರೆದೊಯ್ದರು. ಅರ್ಹತಾ ಸುತ್ತು ಆಡಿ ಗೆದ್ದು ಹೋದದ್ದು ಅದೇ ಮೊದಲು. ಆಗಿನ ಕೋಚ್ ಕ್ರಿಸ್ಪಿನ್ ಛೆಟ್ರಿ. ಆ ಹೆಸರನ್ನು ನೀವು ಆಗ ಎಷ್ಟು ಸಲ ಕೇಳಿದಿರಿ?

ಗುಳೆ ಹೋದ ಮನೆಗಳನ್ನೂ ನೆನೆಯಿರಿ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಬಸ್ಸುಗಳು ಗಂಟುಮೂಟೆ ಹೇರಿಕೊಂಡು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುತ್ತವೆ. ಭಾರತ ಸೋತ ಮಡಗಾಂವಿನ ಸುತ್ತಮುತ್ತ ಗಾರೆ ಕಲಸುವ ಕೈಗಳಲ್ಲಿ ಉತ್ತರ ಕರ್ನಾಟಕದ ಕೈಗಳೂ ಇವೆ. ಚೆಂಡೇ ಜೀವವಾಗಿರುವ ಆ ನಾಡಿನಲ್ಲಿ ನಮ್ಮ ಮಕ್ಕಳು ಶೆಡ್ಡಿನ ಬಾಗಿಲಲ್ಲಿ ಕೂತು ತಮ್ಮನನ್ನು ಆಡಿಸುತ್ತಾರೆ. ದೀಪಾವಳಿಗೋ ಜಾತ್ರೆಗೋ ಊರಿಗೆ ಮರಳಿದರೆ ಶಾಲೆಯ ಬಯಲಲ್ಲಿ ಜಲ್ಲಿ ರಾಶಿ, ಮದುವೆಯ ಪೆಂಡಾಲ್, ಯಾರದೋ ಒಕ್ಕಲು ಕಣ.

ಇದೆಲ್ಲ ದೊಡ್ಡ ದೇಶಗಳ ಹಣದ ಆಟ ಎನ್ನಬೇಡಿ. ನಾವು ಢಾಕಾದಲ್ಲಿ ಸೋತ ಅದೇ ನವೆಂಬರ್ 18ರಂದು ಕ್ಯುರಸಾವೊ ಎಂಬ ಪುಟ್ಟ ದ್ವೀಪ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅಲ್ಲಿನ ಜನ ಒಂದೂವರೆ ಲಕ್ಷದಷ್ಟು. ನಮ್ಮ ಗಂಗಾವತಿಯಲ್ಲೇ 2011ರ ಗಣತಿಗೆ ಲಕ್ಷ ದಾಟಿತ್ತು, ಕೊಪ್ಪಳ ಜಿಲ್ಲೆಯಲ್ಲಿ ಹದಿಮೂರು ಲಕ್ಷ ದಾಟಿತ್ತು. ಆ ಆಟಗಾರರಲ್ಲಿ ಬಹುಪಾಲು ಜನ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಬೆಳೆದವರು ಎಂದು ನೀವು ತಕರಾರು ಎತ್ತಬಹುದು. ಎತ್ತಿರಿ, ಅದೂ ನನ್ನ ಮಾತಿಗೇ ಬಲ: ಓಣಿಗೊಂದು ಕ್ಲಬ್, ಕ್ಲಬ್ಬಿಗೊಬ್ಬ ಗುರು ಇರುವ ನಾಡಿನಲ್ಲಿ ಅವರು ಐದಾರು ವರ್ಷದವರಿದ್ದಾಗಲೇ ಯಾರೋ ಅವರ ಕಾಲು ತಿದ್ದಿದ್ದರು.

ದೂರ ಯಾಕೆ, ಹೊಸಪೇಟೆ ದಾಟಿದರೆ ಸಿಗುವ ತೋರಣಗಲ್ಲಿನ ಹತ್ತಿರ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ. ಗಂಗಾವತಿಯಿಂದ ಬಸ್ಸಿಗೆ ಹೋಗಿ ಸಂಜೆಗೆ ಮನೆ ಸೇರಬಹುದಾದ ದೂರ. ಆದರೆ ಆ ಬಾಗಿಲಿನವರೆಗೆ ಒಂದು ಮಗುವನ್ನು ಸಿದ್ಧಮಾಡಿ ಕಳಿಸುವ ಕೈ ಬೇಕಲ್ಲ? ದೇಶದ ಲೀಗ್ ನಡೆಯುವುದೇ ಅನುಮಾನವಾದ 2025ರ ಆಗಸ್ಟ್‌ನಲ್ಲಿ ಅದೇ ಕ್ಲಬ್ ತನ್ನ ಮೊದಲ ತಂಡದ ಸಂಬಳ ತಡೆಹಿಡಿದಿತ್ತು ಎಂಬುದೂ ನನಗೆ ಗೊತ್ತಿದೆ. ಮೇಲಿನ ಮನೆ ಸೋರುತ್ತಿದೆ, ನಿಜ. ಅದನ್ನು ನಾವು ಇಲ್ಲಿ ಕೂತು ಹೊದಿಸಲಾರೆವು. ನಮ್ಮ ಶಾಲೆಯ ಬಯಲು ಮಾತ್ರ ನಮ್ಮ ಕೈಯಲ್ಲೇ ಇದೆ.

ನೀವು ಕೆಟ್ಟವರಲ್ಲ. ಗವಿಮಠದ ಜಾತ್ರೆಗೆ ರೊಟ್ಟಿಯ ಗಂಟು ಹೊತ್ತು ಹೋಗುವವರು, ಗುರುತಿಲ್ಲದ ಲಕ್ಷಾಂತರ ಜನರಿಗೆ ಉಣಬಡಿಸುವವರು ನೀವು. ಊರ ಕಬಡ್ಡಿಗೆ, ವಾಲಿಬಾಲಿಗೆ ಬಹುಮಾನದ ಹಣ ಕೂಡಿಸುವವರೂ ನೀವೇ. ಆ ಕೈ ಈ ಮಕ್ಕಳ ಕಡೆಗೂ ಚಾಚಲಿ ಎಂದು ಬೇಡುತ್ತೇನೆ. ನಿಮ್ಮಲ್ಲಿ ಕಾಲೇಜಿನಲ್ಲಿ ಆಡಿದವರಿದ್ದೀರಿ, ಬಿ.ಪಿ.ಎಡ್ ಮುಗಿಸಿ ಕೆಲಸವಿಲ್ಲದೆ ಕೂತವರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಸಹಿ ಹಾಕುವ ತಂದೆತಾಯಿ ಇದ್ದೀರಿ. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಸರಕಾರ ಹೇಳಿದಾಗ, ಅದರಲ್ಲಿ ನಮ್ಮೂರ ಬಯಲಿಗೆ ಎಷ್ಟು, ನಮ್ಮ ಶಾಲೆಯ ಡ್ರಿಲ್ ಮಾಸ್ತರರ ಹುದ್ದೆ ಯಾವಾಗ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ದನಿ ನಿಮ್ಮದೇ ಆಗಬೇಕು. ಆ ಮಕ್ಕಳಿಗೆ ಸಭೆಯಲ್ಲಿ ಮಾತಿಲ್ಲ.

ದೇಶದ ಮುಂದಿನ ಕೋಚ್ ಯಾರೆಂಬ ವಾದವನ್ನು ರಾತ್ರಿ ಆಡಿಕೊಳ್ಳಿ, ನಾನೂ ಜೊತೆಗೆ ಕೂರುತ್ತೇನೆ. ಆದರೆ ಬರುವ ಸೋಮವಾರ ಬೆಳಿಗ್ಗೆ ನೀವು ಓದಿದ ಶಾಲೆಗೆ ಹೋಗಿ. ವೇಳಾಪಟ್ಟಿ ತೋರಿಸಿ ಎನ್ನಿ. ಆಟದ ಪೀರಿಯಡ್ ಯಾವ ದಿನ ಎಂದು ಕೇಳಿ. ಆ ದಿನ, ಆ ಹೊತ್ತಿಗೆ, ಚೆಂಡು ಹಿಡಿದು ಬನ್ನಿ.