ಸೈನ್ಯದ ಕ್ಲಾಸಿಗೆ ಪರದೆ ಬಂದಿದೆ, ಕನ್ನಡವೂ ಬರಲಿ

ನಮ್ಮ ಸಕಲೇಶಪುರ, ಆಲೂರು ಕಡೆ ಬೆಳಗಿನ ಜಾವ ರಸ್ತೆ ಬದಿಯಲ್ಲಿ ಓಡುವ ಹುಡುಗರನ್ನು ನೀವೂ ನೋಡಿರ್ತೀರಿ. ಬಾಳ್ಳುಪೇಟೆ, ಹಾನುಬಾಳು, ಹೆತ್ತೂರು, ಎಲ್ಲ ಕಡೆ ಇದ್ದಾರೆ. ಯಾಕಪ್ಪ ಅಂತ ಕೇಳಿದರೆ "ಆರ್ಮಿಗೆ ಅಣ್ಣ" ಅಂತಾರೆ. 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ ಅನ್ನೋದು ಅವರಿಗೆ ಬಾಯಿಪಾಠ. ಮನೆಯವರ ಚಿಂತೆಯೂ ಓಟ, ಎತ್ತರ, ಎದೆಯಳತೆಗಳದ್ದೇ. ಆಯ್ಕೆಯಾದ ಮೇಲೆ ಇದೇ ಹುಡುಗ ದಿನಕ್ಕೆ ಎಷ್ಟೋ ಹೊತ್ತು ಕ್ಲಾಸಿನಲ್ಲಿ ಕೂತು ಪಾಠ ಕೇಳಬೇಕು ಅನ್ನೋದು ಮಾತ್ರ ಯಾರ ಲೆಕ್ಕದಲ್ಲೂ ಇರೋದಿಲ್ಲ.

ರೈಫಲ್ ಬಿಚ್ಚಿ ಜೋಡಿಸೋದು, ನಕ್ಷೆ ಓದೋದು, ವೈರ್‌ಲೆಸ್‌ನಲ್ಲಿ ಮಾತಾಡೋದು, ಗಾಯಾಳುವಿಗೆ ಪ್ರಥಮ ಚಿಕಿತ್ಸೆ ಕೊಡೋದು, ಇವೆಲ್ಲಕ್ಕೂ ಪಾಠ ಇದೆ, ಪರೀಕ್ಷೆ ಇದೆ. ಹಿಂದೆ ಈ ಕ್ಲಾಸಿನಲ್ಲಿ ಇರುತ್ತಿದ್ದದ್ದು ಕರಿಹಲಗೆ, ಗೋಡೆ ಚಾರ್ಟು, ಒಳಭಾಗ ಕಾಣುವಂತೆ ಕತ್ತರಿಸಿದ ಬಂದೂಕಿನ ಮಾದರಿ, ಬೆಟ್ಟ ಹಳ್ಳ ತೋರಿಸಲು ನೆಲದ ಮೇಲೆ ಮಾಡಿದ ಮರಳಿನ ಮಾದರಿ. ಇವುಗಳ ಜೊತೆಗೆ ಒಬ್ಬ ಉಸ್ತಾದ್. ಸೈನ್ಯದಲ್ಲಿ ಕಲಿಸುವ ಹವಾಲ್ದಾರರನ್ನು ಹಾಗೇ ಕರೆಯೋದು. ಈಗ ಇವುಗಳ ಪಕ್ಕಕ್ಕೆ ದೊಡ್ಡ ಟಚ್ ಪರದೆ, ಅನಿಮೇಷನ್ ವಿಡಿಯೊ, ಸಿಮ್ಯುಲೇಟರ್ ಬರ್ತಾ ಇವೆ. ಸಿಮ್ಯುಲೇಟರುಗಳನ್ನು ಹೆಚ್ಚು ಬಳಸಬೇಕು ಅಂತ ರಕ್ಷಣಾ ಸಚಿವಾಲಯ 2021ರಲ್ಲಿ ಒಂದು ನೀತಿ ಚೌಕಟ್ಟನ್ನೇ ಹೊರಡಿಸಿತು.

ಗುಂಡು ಹಾರಿಸೋದನ್ನು ಕಲಿಸುವ ಸಿಮ್ಯುಲೇಟರನ್ನೇ ತಗೊಳ್ಳಿ. ರೈಫಲ್‌ಗೆ ಲೇಸರ್ ಕೂರಿಸಿರ್ತಾರೆ, ಎದುರಿನ ಪರದೆಯ ಮೇಲೆ ಗುರಿ ಕಾಣಿಸುತ್ತೆ. ಕುದುರೆ ಎಳೆದಾಗ ಒತ್ತಡದ ಗಾಳಿಯಿಂದ ರೈಫಲ್ ಹಿಂದಕ್ಕೆ ಒದೆಯುತ್ತೆ. ನಿಜವಾದ ಫೈರಿಂಗ್ ರೇಂಜಿನಲ್ಲಿ ಗುಂಡು ಎಲ್ಲಿ ಬಿತ್ತು ಅನ್ನೋದಷ್ಟೇ ಗೊತ್ತಾಗೋದು. ಇಲ್ಲಿ ಗುಂಡು ಹಾರುವ ಮೊದಲು ನಳಿಗೆ ಎತ್ತ ವಾಲಿತು, ಬೆರಳು ಗಬಕ್ಕನೆ ಎಳೀತಾ, ಎಲ್ಲವೂ ಗೆರೆಯಾಗಿ ಕಾಣುತ್ತೆ. ತಪ್ಪು ಎಲ್ಲಾಯ್ತು ಅಂತ ಹುಡುಗನಿಗೇ ಗೊತ್ತಾಗುತ್ತೆ. ಮದ್ದುಗುಂಡೂ ಉಳಿಯುತ್ತೆ, ಅಪಾಯವೂ ಇಲ್ಲ. ಇನ್ನೂ ದೊಡ್ಡ ಉದಾಹರಣೆ ಬೇಕಿದ್ದರೆ ಬೆಂಗಳೂರಿನಲ್ಲೇ ಇದೆ. ಎಚ್‌ಎಎಲ್ ಮತ್ತು ಕೆನಡಾ ಮೂಲದ ಸಿಎಇ ಕಂಪನಿ ಸೇರಿ ಕಟ್ಟಿದ ಹ್ಯಾಟ್ಸಾಫ್ ಕೇಂದ್ರದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳು ನೆಲ ಬಿಡದೆಯೇ ಹಾರಾಟ ಕಲೀತಾರೆ. ಅಲ್ಲಿ ಕಾಕ್‌ಪಿಟ್ಟನ್ನೇ ಬದಲಾಯಿಸಿ ಬೇರೆ ಬೇರೆ ಹೆಲಿಕಾಪ್ಟರಿಗೆ ತರಬೇತಿ ಕೊಡಬಹುದು.

ನಾನು ಸಾಫ್ಟ್‌ವೇರ್ ಕೆಲಸದವನು. ಇಂಥ ಯಂತ್ರ ಕಂಡರೆ ಖುಷಿಯಾಗೋದು ಸಹಜ. ಆದರೆ ಪರದೆ ಹಾಕಿದ ಮಾತ್ರಕ್ಕೆ ಪಾಠ ತಲೆಗೆ ಹತ್ತುತ್ತಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಹೊಸ ಸೈನಿಕರಿಗೆ ಸಾಕಷ್ಟು ಸಿನಿಮಾ ತೋರಿಸಿತು. ಅದರಿಂದ ಏನಾಯ್ತು ಅಂತ ಕಾರ್ಲ್ ಹಾವ್‌ಲ್ಯಾಂಡ್ ಅನ್ನೋ ಮನಃಶಾಸ್ತ್ರಜ್ಞ ತನ್ನ ತಂಡದ ಜೊತೆ ಅಳೆದು ನೋಡಿ, 1949ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಸಿನಿಮಾದಿಂದ ಮಾಹಿತಿ ಚೆನ್ನಾಗಿ ತಲುಪಿತ್ತು, ಆದರೆ ಹೋರಾಡುವ ಹುಮ್ಮಸ್ಸು ಅದರಿಂದ ಹೆಚ್ಚಿರಲಿಲ್ಲ. ಅದೇ ಪುಸ್ತಕದಲ್ಲಿ ನನಗೆ ಇನ್ನೂ ಮುಖ್ಯ ಅನಿಸಿದ ಒಂದು ವಿಷಯ ಇದೆ. ವೈರ್‌ಲೆಸ್‌ನಲ್ಲಿ ಅಕ್ಷರಗಳನ್ನು ಹೇಳುವ ಪದಗಳನ್ನು ಕಲಿಸುವಾಗ, ಸುಮ್ಮನೆ ಪರದೆ ನೋಡಿದವರಿಗಿಂತ ನೋಡ್ತಾ ಜೋರಾಗಿ ಹೇಳಿದವರು ಚೆನ್ನಾಗಿ ಕಲಿತರು. ಕಲಿಕೆಯಲ್ಲಿ ಹಿಂದಿದ್ದವರಿಗಂತೂ ಇದರ ಲಾಭ ಹೆಚ್ಚು. ನಮ್ಮ ಊರಿನ ಶಾಲೆಯಲ್ಲಿ ಮಗ್ಗಿ ಕಲಿಸಿದ ಮೇಷ್ಟ್ರಿಗೆ ಇದು ಯಾವ ಪ್ರಯೋಗವೂ ಇಲ್ಲದೆ ಗೊತ್ತಿತ್ತು!

ಜೋರಾಗಿ ಹೇಳಬೇಕು ಅಂದರೆ ಮೊದಲು ಅರ್ಥ ಆಗಬೇಕಲ್ಲ? ನಮ್ಮ ಹುಡುಗರು ಸಿಕ್ಕಿಬೀಳೋದು ಇಲ್ಲೇ. ಅಗ್ನಿವೀರರ ಆಯ್ಕೆಗೆ ಈಗ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ. 2025ರಿಂದ ಅದನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಕನ್ನಡದಲ್ಲಿ ಪರೀಕ್ಷೆ ಬರೆದು ಪಾಸಾದ ಹುಡುಗ ತರಬೇತಿ ಕೇಂದ್ರದ ಕ್ಲಾಸಿಗೆ ಕಾಲಿಟ್ಟರೆ ಅಲ್ಲಿ ಹೆಚ್ಚಾಗಿ ನಡೆಯೋದು ಹಿಂದಿ. ರಜೆಗೆ ಬಂದಿದ್ದ ನಮ್ಮ ದೊಡ್ಡಪ್ಪನ ಮಗನನ್ನು ಒಮ್ಮೆ ಕೇಳಿದೆ, ಶುರುವಿನಲ್ಲಿ ಹೇಗೆ ಸುಧಾರಿಸ್ಕೊಂಡೆ ಅಂತ. "ಮೊದಲ ತಿಂಗಳು ಉಸ್ತಾದ್ ಬಾಯಿ ನೋಡಿದ್ದೇ ಇಲ್ಲ ಕಣೋ, ಪಕ್ಕದವನ ಕೈ ನೋಡ್ತಿದ್ದೆ" ಅಂದ. ಅವನು ನಕ್ಕೇ ಹೇಳಿದ, ನನಗೆ ನಗು ಬರಲಿಲ್ಲ. ಪಕ್ಕದವನ ಕೈಯೇ ತಪ್ಪಿದ್ದರೆ?

ಇದನ್ನು ಸಣ್ಣ ವಿಷಯ ಅಂತ ಬಿಡೋ ಹಾಗಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಆಮೇಲೆ ಕಾಯಂ ಆಗೋದು ಹೆಚ್ಚೆಂದರೆ ಶೇ. 25ರಷ್ಟು ಮಂದಿ, ಅದೂ ಅರ್ಹತೆ ನೋಡಿ. 2023ರ ಜನವರಿಯಲ್ಲಿ ಶುರುವಾದ ಮೊದಲ ತಂಡಕ್ಕೆ ಸಿಕ್ಕ ತರಬೇತಿ 31 ವಾರ. ಅದರಲ್ಲಿ ಐದಾರು ವಾರ ಭಾಷೆ ಅರ್ಥ ಮಾಡಿಕೊಳ್ಳೋದಕ್ಕೇ ಹೋದರೆ, ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವನೂ ಕ್ಲಾಸಿನಲ್ಲಿ ಹಿಂದೆ ಬೀಳ್ತಾನೆ. ದಡ್ಡ ಅನ್ನಿಸಿಕೊಳ್ತಾನೆ, ತಾನೂ ಹಾಗೇ ಅಂದುಕೊಳ್ತಾನೆ.

ಕರಿಹಲಗೆಗೆ ಮಾಡಲಾಗದ ಒಂದು ಕೆಲಸ ಪರದೆಗೆ ಸಾಧ್ಯ. ಒಂದೇ ವಿಡಿಯೊಗೆ ಹತ್ತು ಭಾಷೆಯ ಧ್ವನಿ ಸೇರಿಸಬಹುದು, ಕೆಳಗೆ ಅಕ್ಷರ ಓಡಿಸಬಹುದು. ರೈಫಲ್ ಬಿಚ್ಚುವ ಅನಿಮೇಷನ್ ಎಲ್ಲರಿಗೂ ಒಂದೇ, ವಿವರಣೆ ಮಾತ್ರ ಅವರವರ ಭಾಷೆಯಲ್ಲಿ. ಸಂಜೆ ಬ್ಯಾರಕ್ಕಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಸೈನ್ಯದ ಪಾಠಗಳನ್ನು ಇಂಟರ್‌ನೆಟ್ಟಿಗೆ ಹಾಕೋ ಹಾಗಿಲ್ಲ, ನಿಜ. ಅದಕ್ಕೂ ದಾರಿ ಇದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಟ್ರಾನ್ಸ್2 ಅನ್ನೋ ಅನುವಾದ ತಂತ್ರಾಂಶ ಸಂವಿಧಾನದ 22 ಭಾಷೆಗಳಿಗೂ ಕೆಲಸ ಮಾಡುತ್ತೆ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಹೊರಗಿನ ನೆಟ್ ಸಂಪರ್ಕ ಇಲ್ಲದ ಕಂಪ್ಯೂಟರಿನಲ್ಲೂ ಓಡಿಸಬಹುದು. ಯಂತ್ರ ಮಾಡಿದ ಅನುವಾದವನ್ನು ಕನ್ನಡ ಬಲ್ಲ ಸುಬೇದಾರರೊಬ್ಬರು ಕೂತು ತಿದ್ದಲೇಬೇಕು, ಬಂದೂಕಿನ ವಿಷಯದಲ್ಲಿ ಒಂದು ಪದ ತಪ್ಪಿದರೂ ಕಷ್ಟ. ರಕ್ಷಣಾ ಸಚಿವಾಲಯಕ್ಕೆ ಕನ್ನಡ ಹೊಸದೇನಲ್ಲ. 1909ರಲ್ಲಿ 'ಫೌಜಿ ಅಖ್ಬಾರ್' ಆಗಿ ಶುರುವಾದ ಅದರ 'ಸೈನಿಕ್ ಸಮಾಚಾರ್' ಪತ್ರಿಕೆಯ ಭಾಷೆಗಳಲ್ಲಿ ಕನ್ನಡವೂ ಒಂದು.

ಹಿಂದಿ ಬೇಡ ಅಂತ ನಾನು ಹೇಳ್ತಿಲ್ಲ. ಗಡಿಯಲ್ಲಿ ಪಕ್ಕ ನಿಂತ ಪಂಜಾಬಿನವನು, ಅಸ್ಸಾಮಿನವನು ಕೂಗಿದ್ದು ತಕ್ಷಣ ಅರ್ಥವಾಗಬೇಕು. ಆಜ್ಞೆಗಳು ಎಲ್ಲರಿಗೂ ಒಂದೇ ಭಾಷೆಯಲ್ಲಿರಲಿ. ಆದರೆ ಮೊದಲ ಕೆಲವು ವಾರ ವಿವರಣೆ ಕನ್ನಡದಲ್ಲೂ ಸಿಗಲಿ, ಅದನ್ನೇ ಹಿಡಿದುಕೊಂಡು ಹುಡುಗ ಹಿಂದಿಗೆ ದಾಟಿಕೊಳ್ತಾನೆ.

ಇನ್ನೊಂದು ಮಾತು, ನಿರ್ವಹಣೆಯದ್ದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತೆ, ಪ್ರೊಜೆಕ್ಟರ್ ಲೆನ್ಸನ್ನು ಬಿಟ್ಟೀತೇ? ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತೋ ದೇವರೇ ಬಲ್ಲ. ಸ್ಮಾರ್ಟ್ ಕ್ಲಾಸಿಗೆ ಅಂತ ಕೊಟ್ಟ ಪರದೆಗೆ ಬಟ್ಟೆ ಮುಚ್ಚಿಟ್ಟ ಶಾಲೆಯನ್ನು ನಾನೇ ನೋಡಿದ್ದೀನಿ. ಸೈನ್ಯದ ಕೇಂದ್ರಗಳು ಇರೋದೂ ಬಿಸಿಲು, ಧೂಳು, ಚಳಿಯ ಊರುಗಳಲ್ಲೇ. ಪರದೆ ಕೊಳ್ಳುವ ದಿನವೇ ಅದನ್ನು ರಿಪೇರಿ ಮಾಡೋರು ಯಾರು, ವಿಡಿಯೊ ಹಳತಾದರೆ ಬದಲಾಯಿಸೋರು ಯಾರು ಅಂತ ಬರೆದಿಡಬೇಕು. ಪರದೆ ಕೆಟ್ಟ ದಿನವೂ ಪಾಠ ನಿಲ್ಲಬಾರದು. ಅದಕ್ಕೇ ಕತ್ತರಿಸಿದ ಮಾದರಿ, ಮರಳಿನ ಬೆಟ್ಟ, ಉಸ್ತಾದರ ಕೈ ಇವು ಮೂರೂ ಇರಲೇಬೇಕು. ಬೆರಳನ್ನು ಸರಿಯಾದ ಜಾಗಕ್ಕೆ ಹಿಡಿದು ಕೂರಿಸೋದು ಯಾವ ವಿಡಿಯೊಗೂ ಆಗೋದಿಲ್ಲ.

ಸರ್ಕಾರ ಮಾಡುವಾಗ ಮಾಡಲಿ, ಅಲ್ಲಿವರೆಗೆ ಮನೆಯವರು ಮಾಡಬಹುದಾದ್ದೂ ಇದೆ. ಮಗ ಬೆಳಿಗ್ಗೆ ಓಡಲಿ, ಸಂಜೆ ಅರ್ಧ ಗಂಟೆ ಫೋನಿನಲ್ಲಿ ಹಿಂದಿ ವಾರ್ತೆ ಕೇಳಲಿ. ಕೇಳಿದ್ದನ್ನು ಜೋರಾಗಿ ತಿರುಗಿ ಹೇಳಲಿ, ತಂಗಿ ನಕ್ಕರೆ ನಗಲಿ ಬಿಡಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಲಿ, ಕವಾಯತಿನ ಆಜ್ಞೆಗಳು ಅಲ್ಲೇ ಕಿವಿಗೆ ಬಿದ್ದಿರುತ್ತವೆ. ಊರಿನಲ್ಲಿ ನಿವೃತ್ತ ಸೈನಿಕರಿದ್ದರೆ ಭಾನುವಾರ ಒಂದು ಗಂಟೆ ಅವರ ಹತ್ತಿರ ಕೂರಿಸಿ. ನಮ್ಮ ಕಡೆ ಅಂಥವರಿಗೇನೂ ಕೊರತೆಯಿಲ್ಲ, ಕೇಳೋರಿಲ್ಲ ಅಷ್ಟೇ.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಕ್ಲಾಸಿನಲ್ಲಿ ಕೂತು ಬಂದಿದ್ದರೆ, ಯಾವ ಪಾಠ ಅರ್ಥವಾಗಲು ಹೆಚ್ಚು ಕಷ್ಟವಾಯ್ತು ಅಂತ ಅವರನ್ನು ಕೇಳಿ ಬರೆದು ಕಳಿಸಿ. ಕನ್ನಡದಲ್ಲಿ ಮೊದಲು ಯಾವ ವಿಡಿಯೊ ಆಗಬೇಕು ಅನ್ನೋ ಪಟ್ಟಿ ಅಲ್ಲಿಂದಲೇ ಶುರುವಾಗಲಿ.