ತೊಳೆದ ನೀರು ಯಾರ ಪಾಲು?

ನಗರದ ಕೊಳಚೆ ನೀರನ್ನು ಶುದ್ಧಿಮಾಡಿ ಕಾರ್ಖಾನೆಗಳಿಗೂ ಹೊಲಗದ್ದೆಗಳಿಗೂ ಒದಗಿಸುವ ಕಾರ್ಯವನ್ನು ಖಾಸಗಿ ಬಂಡವಾಳಗಾರರಿಗೇ ಒಪ್ಪಿಸಬೇಕೆಂದು ವಾದಿಸುವವರುಂಟು. ಬೊಕ್ಕಸಕ್ಕೆ ಭಾರವಿಲ್ಲ, ನೀರು ವ್ಯರ್ಥವಾಗದು, ಮಾರುವವನಿಗೂ ಕೊಳ್ಳುವವನಿಗೂ ಲಾಭ ಎಂಬುದೇ ಈ ವಾದದ ಸಾರ. ಅರ್ಧ ಸತ್ಯವಾದುದರಿಂದಲೇ ಇದು ಅಪಾಯಕರವಾದ ವಾದ.

ಸತ್ಯವಾದ ಅರ್ಧವನ್ನು ಮೊದಲು ಒಪ್ಪತಕ್ಕದ್ದು. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ, ಖಾಸಗಿ ಕಂಪೆನಿಯೊಂದು ನಗರಾಡಳಿತದೊಡನೆ ೨೦ ವರ್ಷಗಳ ಕರಾರು ಮಾಡಿಕೊಂಡು, ದಿನವೊಂದಕ್ಕೆ ೪ ಕೋಟಿ ೭೫ ಲಕ್ಷ ಲೀಟರು ಕೊಳಚೆ ನೀರನ್ನು ತಿಳಿಗೊಳಿಸುವ ಸ್ಥಾವರವನ್ನು ೨೦೦೧ರಲ್ಲಿ ನಡೆಸತೊಡಗಿತು. ಕೊಂಡವರು ಒಂದು ಕಾಗದದ ಕಾರ್ಖಾನೆ, ಒಂದು ಎಣ್ಣೆ ಶುದ್ಧೀಕರಣಾಲಯ. ಅಷ್ಟು ಕುಡಿಯುವ ನೀರು ಊರಿನವರಿಗೆ ಉಳಿಯಿತು. ನೀರು ಕೆಟ್ಟು ಕಾಗದದ ಬಣ್ಣ ಕೆಟ್ಟರೆ ಕಾರ್ಖಾನೆಯವನು ಅಂದೇ ಮಾರಿದವನನ್ನು ಹಿಡಿದು ಕೇಳಬಲ್ಲನು. ಅವನಿಗೆ ಪರೀಕ್ಷಾಲಯವುಂಟು, ವಕೀಲರುಂಟು, ಕೈಯಲ್ಲಿ ಕರಾರುಪತ್ರವುಂಟು. ಸಮಬಲರ ನಡುವಣ ಇಂಥ ವ್ಯಾಪಾರಕ್ಕೆ ಖಾಸಗಿ ಹಣ ಬರಲಿ, ಅಡ್ಡಿಯಿಲ್ಲ.

ಕೋಲಾರದ ರೈತನಿಗೆ ಇವುಗಳಲ್ಲಿ ಯಾವುದುಂಟು? ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು, ದಿನಕ್ಕೆ ೪೪ ಕೋಟಿ ಲೀಟರಿನ ಗುರಿಯಿಟ್ಟು, ೧೨೬ ಕೆರೆಗಳಿಗೆ ತುಂಬಿಸುವ ಯೋಜನೆಯು ಸರ್ಕಾರದ ಹಣದಿಂದಲೇ ಆದದ್ದು. ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಿತು. ಜುಲೈ ತಿಂಗಳಲ್ಲಿ ನೊರೆ ಬಂದಿತು. ಅದರ ಬೆನ್ನಿಗೇ ಹೈಕೋರ್ಟಿನ ತಡೆಯಾಜ್ಞೆಯೂ ಬಂದಿತು. ತರುವಾಯ ನೀರು ಮತ್ತೆ ಹರಿಯಿತು, ಬತ್ತಿದ್ದ ಕೊಳವೆಬಾವಿಗಳು ಜೀವ ತಳೆದುವು. ಜೀವನದಿಯಿಲ್ಲದ ಸೀಮೆಗೆ ಇದು ಅಲ್ಪವಾದ ಉಪಕಾರವಲ್ಲ. ಕೊಳಚೆಯೆಂಬ ಹೆಸರಿಗೇ ಮೂಗು ಮುಚ್ಚಿಕೊಳ್ಳುವ ಮಡಿವಂತರು ಧರ್ಮಶಾಸ್ತ್ರದ ದ್ರವ್ಯಶುದ್ಧಿ ಪ್ರಕರಣವನ್ನು ಒಮ್ಮೆ ತೆರೆದು ನೋಡುವುದೊಳ್ಳೆಯದು. ಅಶುದ್ಧವು ಎಂದೆಂದಿಗೂ ಅಶುದ್ಧವೇ ಆಗಿದ್ದರೆ ಆ ಪ್ರಕರಣವೇಕೆ ಹುಟ್ಟುತ್ತಿತ್ತು?

ಆದರೆ ಶುದ್ಧಿ ಎಷ್ಟರಮಟ್ಟಿನದು ಎಂಬುದನ್ನು ಕೇಳಲೇಬೇಕು. ಈ ಯೋಜನೆ ನಿಂತಿರುವುದು ಎರಡನೆಯ ಹಂತದ ಶುದ್ಧಿಯ ಮೇಲೆ: ಕಸ ಕೆಳಗಿಳಿಯುತ್ತದೆ, ಸೂಕ್ಷ್ಮಜೀವಿಗಳು ಕಲ್ಮಷವನ್ನು ತಿನ್ನುತ್ತವೆ, ಸಾರಜನಕ ರಂಜಕಗಳ ಅಂಶ ಸಾಕಷ್ಟು ಉಳಿಯುತ್ತದೆ. ನುಣ್ಣಗೆ ಸೋಸಿ ರೋಗಾಣುಗಳನ್ನು ಕೊಲ್ಲುವುದು ಮೂರನೆಯ ಹಂತ. ಕೆರೆಯ ನೀರನ್ನು ನೇರವಾಗಿ ಎತ್ತಬಾರದು, ಅಂತರ್ಜಲ ತುಂಬಲಿ ಎಂಬುದು ಸರ್ಕಾರದ ಕಟ್ಟಳೆ. ನೆಲಕ್ಕಿಳಿದ ಆ ನೀರೇ ಕೊಳವೆಬಾವಿಯಿಂದ ಮೇಲೆ ಬಂದು ಊರಿನ ಕೊಡಗಳನ್ನು ಸೇರುತ್ತದೆ. ಹೀಗಿರಲು ಇದನ್ನು ಬರಿಯ ನೀರಾವರಿಯೆಂದು ಕರೆಯುವುದು ಕಣ್ಣಿಗೆ ಮಣ್ಣೆರಚಿದಂತೆ.

ಇನ್ನು ಖಾಸಗಿಯವನನ್ನು ಇಲ್ಲಿಗೆ ಕರೆತಂದರೆ ಆಗುವುದೇನು? ಮೂರನೆಯ ಹಂತಕ್ಕೆ ಖರ್ಚು ಹೆಚ್ಚು. ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳು ಹಣ ತೆತ್ತು ಆ ನೀರನ್ನು ಕೊಳ್ಳಬಲ್ಲುವು. ಕೆರೆಯು ಹಣ ತೆರಲಾರದು. ಯಂತ್ರದ ಕೊಪ್ಪರಿಗೆಗೆ ತಿಳಿನೀರು, ಮನೆಯ ಕೊಡಕ್ಕೆ ಉಳಿದ ನೀರು! ಬಂಡವಾಳಗಾರನನ್ನು ದೂರಿ ಫಲವಿಲ್ಲ. ಅವನು ಲಾಭಕ್ಕೆಂದೇ ಬಂದವನು. ಅವನಿಂದ ಕರಾರು ಬರೆಯಿಸಿಕೊಳ್ಳುವವರು ರೈತನನ್ನು ಮರೆತರೆ ತಪ್ಪು ಅವರದು.

ಕಾರ್ಖಾನೆಗಳು ಕೊಡುವ ಬೆಲೆಯಲ್ಲಿ ಒಂದಂಶವು ಕೆರೆಗೆ ಹೋಗುವ ನೀರಿನ ಮೂರನೆಯ ಶುದ್ಧಿಗೆ ಸಲ್ಲಬೇಕು. ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಗ್ರಾಮ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಬರಗಾಲದಲ್ಲಿ ಮೊದಲ ಸರದಿ ಯಾರದೆಂಬುದು ಕರಾರಿನಲ್ಲಿಯೇ ಇರಬೇಕು. ಹಿಂದೆ ತೂಬನ್ನು ಕಾಯುತ್ತಿದ್ದ ನೀರುಗಂಟಿ ಊರಿಗೆ ಉತ್ತರ ಹೇಳುತ್ತಿದ್ದನು. ಕೊಳಾಯಿಯ ತಿರುಗಣೆ ಹಿಡಿಯುವ ಕಂಪೆನಿಯೂ ಗ್ರಾಮಸಭೆಯ ಮುಂದೆ ನಿಂತು ಉತ್ತರ ಹೇಳಲಿ. ಇದಕ್ಕೆ ರುಜು ಹಾಕಲು ಸಿದ್ಧನಾದ ಬಂಡವಾಳಗಾರನನ್ನು ಮೊದಲು ತೋರಿಸಿ, ಅನಂತರ ಅವನ ಪರವಾಗಿ ವಾದಿಸಲಿ.