ಲಿಲಾವಿನ ಪಟ್ಟಿಯೂ ನಮ್ಮ ಹುಡುಗರೂ

ಗದುಗಿನ ಹತ್ತಿಯ ಪೇಟೆಯನ್ನು ಕಂಡವರಿಗೆ ಒಂದು ದೃಶ್ಯವು ಪರಿಚಿತವಾದುದು. ಅಂಡಿಗೆಯ ಬಾಯಿ ಬಿಚ್ಚಿ, ಒಂದು ಹಿಡಿ ಹತ್ತಿಯನ್ನು ಹೊರಗೆ ತೆಗೆದು, ಎರಡೂ ಕೈಗಳ ಬೆರಳುಗಳ ನಡುವೆ ಎಳೆಯನ್ನು ಜಗ್ಗಿ ನೋಡಿ, ಉದ್ದವಿಷ್ಟು, ಬಲವಿಷ್ಟು, ಕಸವಿಷ್ಟು ಎಂದು ಕ್ಷಣಮಾತ್ರದಲ್ಲಿ ಹೇಳಿಬಿಡುವ ದಲಾಲರ ಚಾತುರ್ಯವನ್ನು ನಾವು ಬಾಲ್ಯದಿಂದಲೂ ಬೆರಗುಗಣ್ಣಿನಿಂದ ನೋಡಿದ್ದೇವೆ. ಅವರು ತಪ್ಪುವದು ಅಪರೂಪ. ಆದರೆ ಅವರಿಗೊಂದು ಅನುಕೂಲವುಂಟು. ಪೇಟೆಗೆ ಬಂದ ಹತ್ತಿಯು ಮತ್ತೆ ಬೆಳೆಯುವದಿಲ್ಲ. ಇಂದು ಮುಕ್ಕಾಲು ಅಂಗುಲವಿದ್ದ ಎಳೆಯು ನಾಳೆ ಅಂಗುಲವಾಗಲಾರದು. ಹದಿನೇಳು ವರ್ಷದ ಹುಡುಗನ ಮಾತು ಹಾಗಲ್ಲ. ಅವನನ್ನು ನೋಡಿ ಬೆಲೆ ಬರೆಯುವವರು, ಅವನು ಇಂದು ಏನಾಗಿರುವನೆಂಬುದರ ಜೊತೆಗೆ ಐದು ವರ್ಷಗಳ ಮೇಲೆ ಏನಾದಾನು ಎಂಬುದನ್ನೂ ಊಹಿಸಬೇಕಾಗಿದೆ. ಆ ಊಹೆಯು ಹೇಗೆ ನಡೆಯುತ್ತದೆ, ಅದರಲ್ಲಿ ನಮ್ಮ ಭಾಗದ ಹುಡುಗರಿಗೆ ಸಲ್ಲುವ ಪಾಲೆಷ್ಟು ಎಂಬುದೇ ಇಂದಿನ ನಮ್ಮ ಪ್ರಶ್ನೆ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರು 2022ರಲ್ಲಿ ಆರು ತಂಡಗಳ ಮಹಾರಾಜಾ ಟ್ರೋಫಿಯನ್ನು ಆರಂಭಿಸಿದುದು ವಾಚಕರಿಗೆ ತಿಳಿದೇ ಇದೆ. ಮೊದಲನೆಯ ವರ್ಷ ಲಿಲಾವು ಇರಲಿಲ್ಲ. ಆಟಗಾರರನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿ, ಮೇಲಿನ ದರ್ಜೆಗೆ 5 ಲಕ್ಷ, ಕೊನೆಯದಕ್ಕೆ 50 ಸಾವಿರ ರೂಪಾಯಿ ಎಂದು ಗೊತ್ತುಮಾಡಿ, ತಂಡದವರು ಸರದಿಯ ಮೇಲೆ ಆರಿಸಿಕೊಂಡರು. 2023ರಿಂದ ಲಿಲಾವು ಬಂದಿತು. ಆ ವರ್ಷ ಅಭಿನವ ಮನೋಹರರಿಗೆ 15 ಲಕ್ಷದ ಕೂಗು ಬಿದ್ದಿತು. ಸರದಿಯಾಗಲಿ ಕೂಗಾಗಲಿ, ಎರಡಕ್ಕೂ ಮೊದಲು ಒಂದು ಪಟ್ಟಿ ಸಿದ್ಧವಾಗಲೇಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಯಾರೂ ಕೂಗುವದಿಲ್ಲ. ಲಿಲಾವಿನ ದಿವಸ ದೀಪಗಳ ಬೆಳಕಿನಲ್ಲಿ ಜಗತ್ತಿಗೆಲ್ಲ ಕಾಣುವದು ಆಟದ ಕೊನೆಯ ಅಂಕ ಮಾತ್ರ. ನಿಜವಾದ ತೀರ್ಪು ತಿಂಗಳುಗಳ ಹಿಂದೆಯೇ, ಯಾವದೋ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಇಬ್ಬರು ಮೂವರ ಟಿಪ್ಪಣಿ ಪುಸ್ತಕದಲ್ಲಿ ಆಗಿಹೋಗಿರುತ್ತದೆ.

ಈ ವಿದ್ಯೆಯಲ್ಲಿ ಅಮೇರಿಕೆಯವರನ್ನು ಮೀರಿಸಿದವರಿಲ್ಲ. ಅಲ್ಲಿಯ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಘವು 1947ರಿಂದ ಪ್ರತಿ ವರ್ಷವೂ ತರುಣರನ್ನು ಸರದಿಯಿಂದ ಹಂಚಿಕೊಳ್ಳುತ್ತ ಬಂದಿದೆ. ಸೋತ ತಂಡಕ್ಕೆ ಮೊದಲಿನ ಆಯ್ಕೆ ದೊರೆಯಲೆಂಬ ಧೋರಣೆ ಅದರ ಬುನಾದಿ. ಹಂಚಿಕೆಗೆ ಮೊದಲು ತರುಣರ ಎತ್ತರವನ್ನು ಬರಿಗಾಲಿನಲ್ಲಿ ನಿಲ್ಲಿಸಿ ಅಳೆಯುವರು; ಚಾಚಿದ ತೋಳುಗಳ ಅಗಲವನ್ನು, ನೆಗೆತದ ಎತ್ತರವನ್ನು ಅಳೆಯುವರು; ಎದುರಿಗೆ ಕೂಡ್ರಿಸಿಕೊಂಡು ಸ್ವಭಾವವನ್ನೂ ಕೆದಕುವರು. ಇಷ್ಟೆಲ್ಲ ಆಗಿ ಫಲವೇನು? 2014ರಲ್ಲಿ ಸರ್ಬಿಯಾ ದೇಶದ ನಿಕೋಲಾ ಯೋಕಿಚ್ ಎಂಬ ತರುಣನನ್ನು 41ನೆಯವನಾಗಿ ಆರಿಸಿದರು. ಅವನ ಹೆಸರು ಕೂಗಿದ ವೇಳೆಗೆ ಅಲ್ಲಿಯ ದೂರದರ್ಶನದಲ್ಲಿ ಯಾವದೋ ತಿಂಡಿಯ ಜಾಹೀರಾತು ನಡೆದಿತ್ತಂತೆ! ಆ ಯೋಕಿಚನೇ 2021, 2022, 2024ರಲ್ಲಿ ಆ ಸಂಘದ ಶ್ರೇಷ್ಠ ಆಟಗಾರನೆನಿಸಿದನು. 2023ರಲ್ಲಿ ಡೆನ್ವರ್ ತಂಡಕ್ಕೆ ಪ್ರಶಸ್ತಿಯನ್ನು ತಂದುಕೊಟ್ಟನು. ಅವನಿಗಿಂತ ಮೊದಲು ನಲವತ್ತು ಜನರನ್ನು ಆರಿಸಿದ ಪಂಡಿತರ ಬಳಿಯಲ್ಲಿ ಅಳತೆಯ ಪಟ್ಟಿಗಳಿಗೆ ಕೊರತೆಯೇನೂ ಇರಲಿಲ್ಲ. ಮರು ವರ್ಷ, 2015ರಲ್ಲಿ, ಪಂಜಾಬದ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ ಸಿಂಗನು ಏಳು ಅಡಿಗೂ ಮೀರಿದ ಎತ್ತರದಿಂದಾಗಿ 52ನೆಯವನಾಗಿ ಆಯ್ಕೆ ಹೊಂದಿದಾಗ ನಮ್ಮ ದೇಶವು ಹಿಗ್ಗಿತು. ಆದರೆ ಅವನಿಗೆ ಆ ಸಂಘದ ಒಂದು ಪಂದ್ಯವನ್ನಾದರೂ ಆಡುವ ಯೋಗ ಬರಲಿಲ್ಲ. ಅಳತೆಯು ಸುಳ್ಳಲ್ಲ, ಅದು ಹೇಳುವದು ಸ್ವಲ್ಪ.

ದೂರದ ಮಾತು ಸಾಕು. ನಮ್ಮ ಊರಿನ ಉದಾಹರಣೆಯೇ ಇದೆ. ಸುನೀಲ ಜೋಶಿಯವರು 1970ರಲ್ಲಿ ಗದುಗಿನಲ್ಲಿ ಜನಿಸಿದವರು. ಬೆಳಕು ಹರಿಯುವ ಮುನ್ನವೇ ಎದ್ದು, ಅರುವತ್ತು ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಗೆ ಹೋಗಿ ಚೆಂಡೆಸೆತದ ಅಭ್ಯಾಸ ಮಾಡಿ, ಶಾಲೆಯ ಗಂಟೆಗೆ ಸರಿಯಾಗಿ ಮರಳಿ ಗದುಗಿಗೆ ಬರುತ್ತಿದ್ದ ಅವರ ಬಾಲ್ಯದ ಕಥೆಯನ್ನು ಕ್ರಿಕೆಟ್ ಬಲ್ಲವರೆಲ್ಲ ಬಲ್ಲರು. 1995-96ರ ರಣಜಿ ಪಂದ್ಯಗಳಲ್ಲಿ ಐದು ನೂರಕ್ಕೆ ಮೇಲ್ಪಟ್ಟ ಓಟಗಳನ್ನೂ ಐವತ್ತಕ್ಕೆ ಮೇಲ್ಪಟ್ಟ ವಿಕೆಟುಗಳನ್ನೂ ಗಳಿಸಿದ ಮೇಲೆ, 1996ರಲ್ಲಿ, 26ನೆಯ ವಯಸ್ಸಿಗೆ, ಇಂಗ್ಲಂಡದ ಎಜ್‌ಬಾಸ್ಟನ್ನಿನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕೆಯಂಥ ತಂಡದ ವಿರುದ್ಧ ಹತ್ತು ಓವರುಗಳಲ್ಲಿ ಆರು ಓಟಗಳನ್ನಷ್ಟೇ ಕೊಟ್ಟು ಐದು ವಿಕೆಟುಗಳನ್ನು ಪಡೆದರು. 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಪ್ರಥಮ ಟೆಸ್ಟಿನಲ್ಲಿ 92 ಓಟಗಳು, ಎಂಟು ವಿಕೆಟುಗಳು. ಕೊನೆಗೆ 2020ರ ಮಾರ್ಚ್ ತಿಂಗಳಲ್ಲಿ ಅವರೇ ಭಾರತ ತಂಡದ ಆಯ್ಕೆಯ ಮಂಡಲಕ್ಕೆ ಅಧ್ಯಕ್ಷರಾದರು. ಆರಿಸಿಕೊಳ್ಳಲೆಂದು ಹುಬ್ಬಳ್ಳಿಗೆ ಓಡಾಡಿದ ಹುಡುಗನು ಆರಿಸುವವರ ಪೀಠದಲ್ಲಿ ಕುಳಿತನೆಂದರೆ ಗದುಗಿಗೆ ಅದು ಸಣ್ಣ ಮಾತಲ್ಲ.

ಆದರೆ ಈ ಕಥೆಯನ್ನು ಸನ್ಮಾನ ಸಮಾರಂಭಗಳಲ್ಲಿ ಹೇಳುವವರು ಅದರ ಒಂದೇ ಮಗ್ಗುಲನ್ನು ಹೇಳುವರು. ಜೋಶಿಯವರ ಛಲವನ್ನು ಕೊಂಡಾಡಿ, ‘ಹುಡುಗರಿರಾ, ನೀವೂ ಹೀಗೆ ಕಷ್ಟಪಡಿರಿ’ ಎಂದು ಉಪದೇಶಿಸಿ ಹಾರ ಹಾಕಿಸಿಕೊಂಡು ಹೊರಡುವರು. ನಮಗೆ ತೋರುವದೇ ಬೇರೆ. ಒಬ್ಬ ಬಾಲಕನು ತನ್ನ ಚೆಂಡನ್ನು ಯಾರಾದರೊಬ್ಬರು ನೋಡಲಿ ಎಂದು ದಿನಕ್ಕೆ ನೂರಿಪ್ಪತ್ತು ಕಿಲೋಮೀಟರು ಅಲೆಯಬೇಕಾಯಿತೆಂಬುದು ಆ ಬಾಲಕನಿಗೆ ಭೂಷಣ, ನೋಡಬೇಕಾದವರಿಗೆ ಭೂಷಣವೆ? ಗದುಗಿಗಾದರೂ ಆಗ ರೈಲಿತ್ತು. ಮುಂಡರಗಿಯ ಹುಡುಗನಿಗೆ ಇಂದಿಗೂ ರೈಲಿಲ್ಲ. ಹುಬ್ಬಳ್ಳಿಯು ಅವನಿಗೆ ತೊಂಬತ್ತು ಕಿಲೋಮೀಟರಿಗೂ ಆಚೆ. ಶಿರಹಟ್ಟಿಯವನೂ ಲಕ್ಷ್ಮೇಶ್ವರದವನೂ ಬಸ್ಸಿನ ಕೃಪೆಯಲ್ಲಿರುವವರು. ಆ ಬೆಳಗಿನ ದಾರಿಯಲ್ಲಿ ಒಬ್ಬನು ಪಾರಾದನು. ಅದೇ ದಾರಿಯಲ್ಲಿ ಎಷ್ಟು ಜನ ಅರ್ಧಕ್ಕೆ ಮರಳಿದರೆಂಬುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಆಯ್ಕೆಯ ಪರೀಕ್ಷೆಯನ್ನು ನಾವು ಕಣ್ಣಾರೆ ಕಂಡೆವು. ಊರಿನ ಹೆಸರು ಬೇಡ. ಹದಿನಾರು ವರ್ಷದೊಳಗಿನ ನೂರಾರು ಹುಡುಗರು ಚೀಟಿ ಹಿಡಿದು ಸಾಲುಗಟ್ಟಿದ್ದರು. ಮುಂಡರಗಿ ಕಡೆಯವನೊಬ್ಬ, ಮಣಿಕಟ್ಟು ತಿರುಗಿಸಿ ಲೆಗ್ ಸ್ಪಿನ್ ಹಾಕುವವನು, ನಸುಕಿನ ಬಸ್ಸು ಹಿಡಿದು ಬಂದವನು, ಮಧ್ಯಾಹ್ನ ಎರಡರವರೆಗೆ ಬಿಸಿಲಲ್ಲಿ ಕಾದನು. ಬಲೆಯೊಳಗೆ ಅವನಿಗೆ ಕೊಟ್ಟದ್ದು ಆರೇ ಚೆಂಡುಗಳು. ಮೊದಲಿನೆರಡು ಎತ್ತಲೋ ಹೋದವು. ಐದನೆಯದು ಮಾತ್ರ ಬಿದ್ದು ತಿರುಗಿದ ರೀತಿಯನ್ನು ಕಂಡು ಬಲೆಯ ಹೊರಗೆ ನಿಂತ ಒಬ್ಬ ಮುದುಕರು ‘ಭಲೆ’ ಎಂದರು. ಬರೆಯುವವರು ಆ ಹೊತ್ತಿಗೆ ಚಹದ ಬಟ್ಟಲಿಗೆ ಕೈಚಾಚಿದ್ದರು. ಲೆಗ್ ಸ್ಪಿನ್ ಎಂಬುದು ಆರು ಚೆಂಡುಗಳಲ್ಲಿ ತೂಗುವ ವಸ್ತುವಲ್ಲ. ಆ ಕಲೆಯವರು ಪಕ್ವವಾಗುವದೇ ತಡವಾಗಿ. ಹುಡುಗನು ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದನು. ತನ್ನಲ್ಲಿ ಕೊರತೆ ಏನಿತ್ತೆಂದು ಅವನಿಗೆ ಯಾರೂ ಹೇಳಲಿಲ್ಲ.

ವಯಸ್ಸಿನ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಪಾಲಕರು ಅದನ್ನು ತಿಳಿದಿರುವದೊಳ್ಳೆಯದು. ಭಾರತೀಯ ಕ್ರಿಕೆಟ್ ಮಂಡಲಿಯ ವಯೋವರ್ಗಗಳ ಲೆಕ್ಕವು ಸಪ್ಟೆಂಬರ 1ರಿಂದ ನಡೆಯುತ್ತದೆ. ಸಪ್ಟೆಂಬರದಲ್ಲಿ ಹುಟ್ಟಿದವನೂ ಮರು ವರ್ಷದ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ವರ್ಗದಲ್ಲಿ ಸ್ಪರ್ಧಿಸುವರು. ಹದಿನಾಲ್ಕು-ಹದಿನೈದರ ಪ್ರಾಯದಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕು ಅಂಗುಲ ಎತ್ತರ, ಹತ್ತು ಸೇರು ಬಲ! ದೊಡ್ಡವನು ಚೆಂಡನ್ನು ಗೆರೆಯಾಚೆ ಹೊಡೆಯುವನು. ಚಿಕ್ಕವನು ಹೊಡೆದದ್ದು ಗೆರೆಯ ಒಳಗೇ ನಿಲ್ಲುವದು. ಆರಿಸಿದ ದೊಡ್ಡವನಿಗೆ ಒಳ್ಳೆಯ ಗುರುಗಳೂ ಹೆಚ್ಚು ಪಂದ್ಯಗಳೂ ದೊರೆತು ಅವನು ಮತ್ತಷ್ಟು ಬೆಳೆಯುವನು. ಆಗ ಆರಿಸಿದವರು, ‘ನೋಡಿದಿರಾ, ನಮ್ಮ ಕಣ್ಣು ಸುಳ್ಳಾಗಲಿಲ್ಲ’ ಎನ್ನುವರು. ಕೆನಡಾ ದೇಶದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಕೂಡಿಸಿ ನೋಡಿದ ಪಂಡಿತರು 1980ರ ದಶಕದಲ್ಲಿಯೇ ಈ ಮಾತನ್ನು ಹೊರಗೆಡಹಿದ್ದಾರೆ. ಮಣಿಕಟ್ಟಿನ ಎಲುಬಿನ ಕ್ಷ-ಕಿರಣ ಚಿತ್ರ ತೆಗೆದು ವಯಸ್ಸಿನ ವಂಚನೆಯನ್ನು ಹಿಡಿಯುವ ಮಂಡಲಿಯವರು, ವಂಚನೆಯಿಲ್ಲದೆಯೇ ನಡೆಯುವ ಈ ಅನ್ಯಾಯದ ಕಡೆಗೂ ಕಣ್ಣು ಹಾಯಿಸಲಿ. ಪ್ರತಿಯೊಬ್ಬ ಹುಡುಗನ ಹೆಸರಿನ ಮುಂದೆ ಹುಟ್ಟಿದ ತಿಂಗಳನ್ನೂ ಬರೆದುಕೊಂಡರೆ ಆರಿಸುವವರಿಗೆ ಖರ್ಚೇನೂ ಬರುವದಿಲ್ಲ.

ಅಂಕೆಗಳ ಮಾತೂ ಇಷ್ಟೇ. ಬೆಂಗಳೂರಿನ ಹುಡುಗನಿಗೆ ಹಲವು ಶ್ರೇಣಿಗಳ ಲೀಗ್ ಪಂದ್ಯಗಳಿವೆ. ಹುಲ್ಲು ಹಾಸಿದ ಮೈದಾನವಿದೆ. ಆಡಿದ್ದೆಲ್ಲ ಪುಸ್ತಕದಲ್ಲಿ ದಾಖಲಾಗುತ್ತದೆ. ನಮ್ಮವರು ಮ್ಯಾಟಿಂಗಿನ ಮೇಲೋ ಕೆಂಪು ಮಣ್ಣಿನ ಮೇಲೋ ಹಬ್ಬ-ಜಾತ್ರೆಗಳ ಪಂದ್ಯಾಟಗಳಲ್ಲಿ ಆಡುವರು. ಗೆದ್ದ ಢಾಲು ಮನೆಯ ಕಪಾಟಿನಲ್ಲಿರುವದು, ಲೆಕ್ಕದ ಹಾಳೆ ಮರುದಿನ ಅಂಗಡಿಯ ಪೊಟ್ಟಣವಾಗುವದು. ಅಂಕೆಗಳನ್ನು ನೋಡಿಯೇ ಪಟ್ಟಿ ಮಾಡುವ ಕಾಲದಲ್ಲಿ ಅಂಕೆಯಿಲ್ಲದವನು ಆಟವನ್ನೇ ಆಡದವನಂತಾಗುವನು. ಇದು ಯಾರದೋ ದ್ವೇಷದಿಂದ ಆದುದಲ್ಲ. ಕಾಣದುದನ್ನು ಇಲ್ಲವೆಂದು ತಿಳಿಯುವ ಸೋಮಾರಿತನದಿಂದ ಆದುದು.

‘ಆರಿಸುವವರು ಕೆಲವೇ ಜನ, ಊರೂರು ಅಲೆಯಲು ಅವರಿಗೆ ವೇಳೆ ಎಲ್ಲಿದೆ?’ ಎಂದು ಅಧಿಕಾರಿಗಳು ಕೇಳಬಹುದು. ಪ್ರತಿ ಹಳ್ಳಿಗೆ ಬರಬೇಕೆಂದು ನಾವು ಹೇಳುವದಿಲ್ಲ. ವರ್ಷಕ್ಕೊಮ್ಮೆ, ಲಿಲಾವಿಗೆ ಮೂರು ನಾಲ್ಕು ತಿಂಗಳು ಮೊದಲು, ಗದುಗಿನಲ್ಲಿಯೇ ಮೂರು ದಿವಸ ಉಳಿಯಲಿ. ಬಲೆಯೊಳಗಿನ ಆರು ಚೆಂಡುಗಳ ಬದಲು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಗದಗ-ಬೆಟಗೇರಿಯ ಹುಡುಗರನ್ನು ನಾಲ್ಕು ತಂಡ ಮಾಡಿ ನಿಜವಾದ ಪಂದ್ಯಗಳನ್ನಾಡಿಸಲಿ. ಹತ್ತು ಓವರು ಹಾಕಿದ ಮೇಲೆ, ಎರಡು ಸಿಕ್ಸರು ಹೊಡೆಸಿಕೊಂಡ ಮೇಲೆ, ಹುಡುಗನ ಮುಖ ಹೇಗಾಗುತ್ತದೆ, ಮುಂದಿನ ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಲಿ. ಮತ್ತು ಕೈಬಿಟ್ಟ ಪ್ರತಿಯೊಬ್ಬನಿಗೆ ಎರಡು ಸಾಲಿನ ಕಾರಣ ಬರೆದುಕೊಡಲಿ. ಆ ಬಿಟ್ಟವರ ಪಟ್ಟಿಯನ್ನು ಹರಿದೊಗೆಯದೆ ಐದು ವರ್ಷ ಕಾಯ್ದಿಡಲಿ. ಆರಿಸಿದವನು ಮಿಂಚಿದರೆ ಹೆಸರು ಪಡೆಯುವವರು, ಬಿಟ್ಟವನು ಬೇರೆಡೆಯಲ್ಲಿ ಮಿಂಚಿದಾಗ ಆ ಪಟ್ಟಿಯನ್ನೂ ತೆಗೆದು ನೋಡಬೇಡವೆ? 2016ರಲ್ಲಿ ಚೆನ್ನೈಯಲ್ಲಿ 303 ಓಟ ಗಳಿಸಿ ಔಟಾಗದೆ ಉಳಿದ ಕರುಣ ನಾಯರರೇ ಮುಂದೆ ಕರ್ನಾಟಕದ ತಂಡದಿಂದ ಹೊರಬಿದ್ದು, 2023ರಲ್ಲಿ ವಿದರ್ಭಕ್ಕೆ ಹೋಗಿ, ಅಲ್ಲಿ ಓಟಗಳ ರಾಶಿ ಹಾಕಿ, 2025ರ ಜೂನದಲ್ಲಿ ಮರಳಿ ಭಾರತದ ಪರವಾಗಿ ಟೆಸ್ಟ್ ಆಡಿದರು. ತ್ರಿಶತಕ ಹೊಡೆದವರ ಪಾಡೇ ಹೀಗಾದರೆ ಚೀಟಿ ಮಡಚಿದ ಹುಡುಗನ ಗತಿಯೇನು?

ಪಾಲಕರಿಗೂ ಒಂದು ಮಾತು ಹೇಳದೆ ನಮ್ಮ ಕರ್ತವ್ಯ ತೀರದು. 2024ರ ನವಂಬರದಲ್ಲಿ ಐ.ಪಿ.ಎಲ್. ಲಿಲಾವಿನಲ್ಲಿ ಬಿಹಾರದ ಹದಿಮೂರು ವರ್ಷದ ವೈಭವ ಸೂರ್ಯವಂಶಿಗೆ 1 ಕೋಟಿ 10 ಲಕ್ಷದ ಕೂಗು ಬಿದ್ದುದನ್ನೂ, ಮರು ಏಪ್ರಿಲಿನಲ್ಲಿ ಅವನು 35 ಚೆಂಡುಗಳಲ್ಲಿ ಶತಕ ಹೊಡೆದುದನ್ನೂ ಕಂಡು ಹಲವರಿಗೆ ತಲೆ ತಿರುಗಿದೆ. ಹೊಲ ಒತ್ತೆಯಿಟ್ಟು ಮಗನನ್ನು ಶಾಲೆ ಬಿಡಿಸಿ ದೂರದ ಅಕಾಡೆಮಿಗೆ ಸೇರಿಸಲು ಹೊರಡುವ ಮುನ್ನ ಲೆಕ್ಕ ಹಾಕಿರಿ. ಮಹಾರಾಜಾ ಟ್ರೋಫಿಯ ಆರು ತಂಡಗಳಿಗೆ ತಲಾ ಹದಿನೆಂಟು ಜನರೆಂದರೂ ನೂರೆಂಟು ಸ್ಥಾನಗಳು. ರಾಜ್ಯದಲ್ಲಿ 31 ಜಿಲ್ಹೆಗಳು. ಆ ಸ್ಥಾನಗಳ ಸಿಂಹಪಾಲು ಬೆಂಗಳೂರಿನವರದು. ಜೋಶಿಯವರು ಹುಬ್ಬಳ್ಳಿಯಿಂದ ಪ್ರತಿದಿನ ಶಾಲೆಗೆ ಮರಳುತ್ತಿದ್ದರೆಂಬುದನ್ನು ಮರೆಯಬೇಡಿರಿ.

ಇನ್ನು ನಮ್ಮ ತಪ್ಪು. ಬೆಂಗಳೂರಿನಲ್ಲಿ ಯಾರೋ ಶತಕ ಹೊಡೆದರೆ ಈ ಪತ್ರಿಕೆಯು ಎರಡು ಕಾಲಮು ಕೊಟ್ಟಿದೆ. ಲಕ್ಷ್ಮೇಶ್ವರದ ತಂಡವು ಮುಂಡರಗಿಯ ತಂಡವನ್ನು ಸೋಲಿಸಿದರೆ, ಸ್ಥಳವಿಲ್ಲವೆಂದು ಬುಟ್ಟಿಗೆ ಹಾಕಿದ ಸಂದರ್ಭಗಳೇ ಹೆಚ್ಚು. ಅಂಕೆಯಿಲ್ಲದ ಹುಡುಗರನ್ನು ಸೃಷ್ಟಿಸಿದ ಪಾಪದಲ್ಲಿ ನಮಗೂ ಪಾಲಿದೆಯೆಂದು ಒಪ್ಪುತ್ತೇವೆ. ಈ ವಾರದಿಂದ ಪ್ರತಿ ಬುಧವಾರ ಮೂರನೆಯ ಪುಟದಲ್ಲಿ ಒಂದು ಕಾಲಮನ್ನು ತಾಲೂಕಿನ ಪಂದ್ಯಗಳಿಗಾಗಿ ತೆಗೆದಿರಿಸಿದ್ದೇವೆ. ಶುಲ್ಕವಿಲ್ಲ. ಇಬ್ಬರು ಅಂಪೈರುಗಳ ರುಜುವಿರುವ ಲೆಕ್ಕದ ಹಾಳೆಯು, ಆಟಗಾರರ ಪೂರ್ಣ ಹೆಸರು, ಊರು, ಹುಟ್ಟಿದ ತಿಂಗಳುಗಳೊಡನೆ, ಸೋಮವಾರ ಸಂಜೆಯೊಳಗೆ ನಮ್ಮ ಕಚೇರಿಗೆ ಮುಟ್ಟಬೇಕು. ಕಾಗದದ ಒಂದೇ ಮಗ್ಗುಲಿಗೆ, ಶಾಯಿಯಿಂದ ಬರೆದಿರಬೇಕು.